ದೀಪ ಮಿನುಗುವ ಕಂಪ್ಯೂಟರ್ ನನಗೆ ಬೇಡ

ಮನೆಯಿಂದ,
ಭಾನುವಾರ ಮಧ್ಯಾಹ್ನ

ರಾಯರಿಗೆ,

‘ಪ್ರೀತಿಯ’ ಎಂದು ಬರೆಯಲು ಈಗ ಕೈ ಬರುತ್ತಿಲ್ಲ. ಸೊಂಟದ ನೋವು ಹೇಗಿದೆ? ಹಡಗಿನ ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರಾ, ಇಲ್ಲ ಮಂಚದ ಕೆಳಗೆ ಎಸೆದಿದ್ದೀರಾ? ಎಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡಿ. ಅತ್ತೆಯ ಕೆಮ್ಮು ಕಡಿಮೆಯಾಗಿದೆ. ಮಗಳ ಮುಂದಿನ ಹಲ್ಲು ಬಿದ್ದಿದೆ. ಆ ಸಂದಿಯಿಂದ ಸಿಳ್ಳೆ ಹಾಕಿ ಎಲ್ಲರ ಕಿವಿ ತೂತು ಮಾಡುತ್ತಿದ್ದಾಳೆ. ಕ್ಷೇಮಸಮಾಚಾರ ಇಷ್ಟೇ, ಇನ್ನು ಜಗಳ. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ, ಇಲ್ಲವೇ ಸಿಗ್ನಲ್ ಹೋಯಿತೆಂದು ತಪ್ಪಿಸಿಕೊಳ್ಳುತ್ತೀರಿ. ಅದಕ್ಕೇ ಪತ್ರ.

ನನ್ನ ಹಳೆಯ ಕಂಪ್ಯೂಟರಿನ ಅವಸ್ಥೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಬೆಳಿಗ್ಗೆ ಗುಂಡಿ ಒತ್ತಿ, ಹಾಲು ಕಾಯಿಸಿ, ಮಗಳಿಗೆ ಜಡೆ ಹಾಕಿ ಬಂದರೂ ಅದಿನ್ನೂ ಕಣ್ಣು ಬಿಟ್ಟಿರುವುದಿಲ್ಲ. ನಾನು ಬರೆಯುವ ಮನೆಯ ನಕ್ಷೆಯಲ್ಲಿ ಒಂದು ಮೆಟ್ಟಿಲು ಸರಿಸಿದರೆ ಪರದೆ ಕಲ್ಲಾಗಿ ಕೂರುತ್ತದೆ. ಔಷಧಿ ಅಂಗಡಿಯವರ ಮನೆಯ ನಕ್ಷೆ ಇನ್ನೇನು ಮುಗಿಯಿತು ಎನ್ನುವಾಗ ಅದು ಕಣ್ಣು ಮುಚ್ಚಿತು. ಎರಡು ಮಹಡಿಯನ್ನೂ ಮೊದಲಿನಿಂದ ಎಳೆದೆ. ಹೊಸದು ಬೇಕು ಎಂದಾಗ ನೀವು ಏನೆಂದಿರಿ? “ತಮ್ಮನಿಗೆ ಹೇಳ್ತೀನಿ, ಅವನು ನೋಡಿ ಕೊಡಿಸ್ತಾನೆ. ನೀನು ತಲೆ ಕೆಡಿಸ್ಕೋಬೇಡ.” ನನ್ನ ತಲೆ ಕೆಟ್ಟದ್ದು ಅಲ್ಲಿಂದಲೇ.

ನಿಮ್ಮ ತಮ್ಮ, ನಮ್ಮ ಮನೆಯ ಕಂಪ್ಯೂಟರ್ ಪಂಡಿತ, ಹೊಸ ಅಂಗಿ ತೊಟ್ಟು ಹೆಣ್ಣು ನೋಡಲು ಹೊರಟವನ ಹಾಗೆ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದ. ನಾನು ನನ್ನ ಕೆಲಸ ವಿವರಿಸಿ ದೊಡ್ಡ ಪರದೆ, ಹೆಚ್ಚು ಮೆಮೊರಿ ಬೇಕೆಂದೆ. ಅಂಗಡಿಯವ ತಲೆಯಾಡಿಸಿ ಉತ್ತರ ಕೊಟ್ಟದ್ದು ಮಾತ್ರ ನಿಮ್ಮ ತಮ್ಮನಿಗೆ! ಇನ್ನೊಂದು ಕೇಳಿದೆ, ಅದಕ್ಕೂ ಅವನತ್ತಲೇ ಮುಖ. ನಾನೇನು ಅಲ್ಲಿ ನಿಂತಿದ್ದ ಕುರ್ಚಿಯೇ? ಕೊನೆಗೆ ಇಬ್ಬರೂ ಸೇರಿ ಒಪ್ಪಿದ್ದು ಕೆಂಪು, ಹಸಿರು, ನೀಲಿ ದೀಪ ಮಿನುಗುವ ಆಟದ ಕಂಪ್ಯೂಟರನ್ನು. ಪರದೆ ನಮ್ಮ ಊಟದ ತಟ್ಟೆಯಷ್ಟು. “ಅತ್ತಿಗೆ, ಸಂಜೆ ನೀವು ಅಡುಗೆಮನೇಲಿರ್ತೀರಲ್ಲ, ಆಗ ನಾನೂ ಒಂದಿಷ್ಟು ಆಡ್ಕೋಬಹುದು” ಎಂದ ಪುಣ್ಯಾತ್ಮ. “ನೀನು ಆಡೋದಕ್ಕೆ ನಾನ್ಯಾಕಪ್ಪ ಕೊಳ್ಳಲಿ?” ಎಂದು ಅಂಗಡಿ ತುಂಬ ಕೇಳುವ ಹಾಗೆ ಹೇಳಿ ಹೊರಗೆ ಬಂದುಬಿಟ್ಟೆ. ಅವನ ಕಿವಿ ಕೆಂಪಾಗಿತ್ತು.

ಅವನ ಮೇಲೆ ಕೋಪವಿಲ್ಲ, ಅವನು ಹುಡುಗುಬುದ್ಧಿಯವನು. ಆದರೆ ಅವನು ಚಾಡಿ ಹೇಳಿದ ಕೂಡಲೇ ನೀವು ಫೋನ್ ಮಾಡಿ ಹೇಳಿದಿರಲ್ಲ, “ಮನೇಲಿ ಕೂತು ನಾಲ್ಕು ಗೆರೆ ಎಳೆಯೋಕೆ ಇಷ್ಟೆಲ್ಲ ರಂಪ ಯಾಕೆ?” ಅಂತ. ನಾಲ್ಕು ಗೆರೆ! ನಾನು ಎಳೆದ ಗೆರೆಗಳ ಒಳಗೆ ಈ ಊರಿನ ಎಷ್ಟೋ ಸಂಸಾರಗಳು ಮಲಗಿ ಏಳುತ್ತಿವೆ. ಹಡಗಿನಲ್ಲಿ ಕೂತು ನಾಲ್ಕು ತಿರುಪು ತಿರುಗಿಸುತ್ತೀರಿ ಎಂದು ನಾನು ಎಂದಾದರೂ ಅಂದಿದ್ದೇನೆಯೇ? ಆ ಮಾತು ಕೇಳಿ ಫೋನಿಟ್ಟವಳು, ಸಿಟ್ಟೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಸದ್ದು ಕೇಳಿ ಅತ್ತೆ ಒಳಗೆ ಬಂದರು. ವಿಷಯ ತಿಳಿದು, “ನಡಿ, ನಾನೂ ಬರ್ತೀನಿ” ಎಂದು ಚಪ್ಪಲಿ ಮೆಟ್ಟಿಯೇಬಿಟ್ಟರು.

ಬೇರೆ ಅಂಗಡಿಗೆ ಹೋದೆವು. ಅಲ್ಲಿಯವನೂ ಮೊದಲು ಅತ್ತೆಯನ್ನೇ ನೋಡಿ “ಏನ್ ಬೇಕಮ್ಮ?” ಎಂದ. ಅವರು ಸ್ಟೂಲಿನ ಮೇಲೆ ಕಾಲು ನೀಡಿ ಕೂತು, “ನನ್ನನ್ನೇನು ಕೇಳ್ತೀಯ? ಕೆಲಸ ಮಾಡೋಳು ಅವಳು, ಅವಳನ್ನ ಕೇಳು” ಎಂದರು. ನಾನು ಪೆನ್‌ಡ್ರೈವಿನಲ್ಲಿ ಔಷಧಿ ಅಂಗಡಿಯವರ ನಕ್ಷೆಯನ್ನೇ ಒಯ್ದಿದ್ದೆ. ಒಂದೊಂದು ಕಂಪ್ಯೂಟರಿನಲ್ಲೂ ಅದನ್ನು ತೆರೆದು, ತಿರುಗಿಸಿ, ಗೋಡೆ ಕಿತ್ತು, ಮಹಡಿ ಏರಿಸಿ ನೋಡಿದೆ. ಮೊದಲೆರಡೂ ಏದುಸಿರು ಬಿಟ್ಟವು. ಮೂರನೆಯದು, ದೀಪವೂ ಇಲ್ಲದ, ಅಂದವೂ ಇಲ್ಲದ ಕಪ್ಪು ಡಬ್ಬ, ಮನೆಯನ್ನು ಬುಗುರಿಯ ಹಾಗೆ ತಿರುಗಿಸಿ ತೋರಿಸಿತು. ಅದನ್ನೇ ನನ್ನ ದುಡಿಮೆಯಲ್ಲಿ ಕೊಂಡೆ. ಪಂಡಿತ ಎರಡು ದಿನ ಮುಖ ಊದಿಸಿಕೊಂಡಿದ್ದ. ಈಗ ಅವನೇ ತಂತಿಗಳನ್ನೆಲ್ಲ ನೀಟಾಗಿ ಕಟ್ಟಿಕೊಟ್ಟಿದ್ದಾನೆ.

ಅತ್ತೆಯ ಆಶೀರ್ವಾದ, ಮಗಳ ಸಿಳ್ಳೆ, ನನ್ನ ಅರ್ಧ ನಮಸ್ಕಾರ.

ನಿಮ್ಮ,
ಗೆರೆ ಎಳೆಯುವವಳು

ಮರೆತೆ: ಬೇರೆ ಊರಿನಲ್ಲಿ ಕಟ್ಟುವ ಹೊಸ ಆಸ್ಪತ್ರೆಯ ನಕ್ಷೆಯ ಕೆಲಸ ನನಗೆ ಸಿಕ್ಕಿದೆ. ಕಪ್ಪು ಡಬ್ಬದ ಸಮೇತ ಆ ಊರಿಗೇ ಹೋಗಿ ಇರಬೇಕು. ನೀವು ರಜೆಗೆ ಬರುವ ತಿಂಗಳೇ ಅದು. ಮಗಳ ಜಡೆ, ಅತ್ತೆಯ ಔಷಧಿ, ಅಡುಗೆ ನಿಮ್ಮ ಪಾಲಿಗೆ. ಪ್ರತಿ ಭಾನುವಾರ ಬಂದು ಹೋಗುತ್ತೇನೆ. ಒಪ್ಪಿಕೊಂಡಾಗಿದೆ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ.