ಅಮ್ಮನ ಎಡಗೈ

ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನೀನು, ಭಾವ, ಮಕ್ಕಳು ಎಲ್ಲರೂ ಹುಷಾರಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಸುಮ್ಮನಿದ್ದೆ, ಬೈಯಬೇಡ. ಫೋನ್ ಮಾಡಲು ಹೋದರೆ ರಿಂಗಾಗುವ ಮೊದಲೇ ಇಟ್ಟುಬಿಡುತ್ತೇನೆ, ಬರೆಯಲು ಕೂತರೆ ನನ್ನ ಈ ಪುಟ್ಟ ಮಗಳು ಎದ್ದುಬಿಡುತ್ತಾಳೆ. ಈಗ ಮಲಗಿದ್ದಾಳೆ. ಸೊಳ್ಳೆ ಪರದೆಯೊಳಗೆ ಉಸಿರಾಡುತ್ತಿದ್ದಾಳೋ ಇಲ್ಲವೋ ಅಂತ ಸಾಲಿಗೊಮ್ಮೆ ಎದ್ದು ನೋಡುತ್ತಿದ್ದೇನೆ. ಅಕ್ಷರ ಸೊಟ್ಟಗಿರುವುದು ಅದಕ್ಕೇ. ನನ್ನ ನಿದ್ದೆಯ ಮಾತು ಕೇಳಲೇಬೇಡ. "ನೀನು ಕಣ್ಣು ಬಿಟ್ಕೊಂಡೇ ಗೊರಕೆ ಹೊಡೀತೀಯ" ಅಂತಾರೆ ಇವರು. ನಿನ್ನನ್ನು ಒಂದು ಮಾತು ಕೇಳುವುದೂ ಇದೆ, ಧೈರ್ಯ ಬಂದರೆ.

ನೀನು ಹೇಳಿದ ಕೆಲಸ ನಿನ್ನೆ ಮುಗಿಸಿದೆ. ಅಮ್ಮ ಹೋದ ಮೇಲೆ ಅವಳ ಸೊಳ್ಳೆ ಪಂಜರವನ್ನು ಏನು ಮಾಡುವುದು ಅಂತ ಅವಳು ಕೆಲಸ ಮಾಡುತ್ತಿದ್ದ ಸೊಳ್ಳೆ ಸಂಶೋಧನಾ ಸಂಸ್ಥೆಯವರು ಕೇಳುತ್ತಿದ್ದಾರೆ, ಹೋಗಿ ಒಂದು ಮಾತು ಹೇಳಿ ಬಾ ಅಂದಿದ್ದೆಯಲ್ಲ. ಇವರು ರಜೆ ಹಾಕಿ, ಮಗುವನ್ನೆತ್ತಿಕೊಂಡು ಜೊತೆಗೆ ಬಂದರು.

ದಾರಿಯುದ್ದಕ್ಕೂ ಅಮ್ಮನ ಎಡಗೈಯೇ ಕಣ್ಣ ಮುಂದೆ. ಶಾಲೆಗೆ ರಜೆ ಬಂದಾಗ ನಮ್ಮಿಬ್ಬರನ್ನೂ ಪ್ರಯೋಗಾಲಯದ ಸ್ಟೂಲಿನ ಮೇಲೆ ಕೂರಿಸಿ, ವಾಚು ಬಿಚ್ಚಿಟ್ಟು, ಪಂಜರದ ಬಟ್ಟೆ ತೋಳಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದಳು. ನಾವು ಮಗ್ಗಿ ಮುಗಿಸುವಷ್ಟರಲ್ಲಿ ಸೊಳ್ಳೆಗಳ ಹೊಟ್ಟೆ ದಾಳಿಂಬೆ ಕಾಳಿನಂತೆ ಕೆಂಪಾಗಿರುತ್ತಿತ್ತು. "ರೋಗ ಇಲ್ಲದ ಸೊಳ್ಳೆ ಕಣ್ರೇ, ಇಲ್ಲೇ ಹುಟ್ಟಿದ್ದು" ಅನ್ನುತ್ತಿದ್ದಳು. "ಕಚ್ಚೋದು ಹೆಣ್ಣು ಮಾತ್ರ, ಮೊಟ್ಟೆ ಇಡೋದಕ್ಕೆ. ಬಸುರಿ ಬಯಕೆ ಅದು, ಬೈಬಾರ್ದು." ಸಂಜೆ ಮನೆಗೆ ಬಂದ ಮೇಲೆ ಆ ಕೈಯ ಚುಕ್ಕೆಗಳನ್ನು ಪೆನ್ನಿನಿಂದ ಸೇರಿಸಿ ನೀನು ಮೊಲ ಬರೆಯುತ್ತಿದ್ದೆ. ನಾನು ಏನು ಬರೆದರೂ ಅದು ಆಲೂಗಡ್ಡೆ.

ಜ್ವರದ ವರ್ಷ ನೆನಪಿದೆಯಾ? ಬೀದಿಯವರೆಲ್ಲ ಬಾಗಿಲಿಗೆ ಬಂದು, "ಸೊಳ್ಳೆ ಸಾಕೋ ಮನೆ ಇದೇ ಅಲ್ವಾ?" ಅಂತ ಕೂಗಾಡಿದ್ದು? ಟೈಲರ್ ಮಗು ಆಸ್ಪತ್ರೆಯಲ್ಲಿತ್ತು. ಆಗಿನ್ನೂ ಇದ್ದ ಅಪ್ಪ ತೋಳೇರಿಸಿಕೊಂಡು ಹೊರಟರೆ, ಅಮ್ಮ ಅವರನ್ನು ಒಳಗೆ ತಳ್ಳಿ, ಟಾರ್ಚ್ ಹಿಡಿದು ಮೊದಲು ಟೈಲರ್ ಮನೆಗೇ ಹೋದಳು. ಫ್ರಿಜ್ಜಿನ ಹಿಂದಿನ ತಟ್ಟೆ ಎಳೆದು ಬೆಳಕು ಬಿಟ್ಟಳು. ನೀರಿನಲ್ಲಿ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. "ನೀವೂ ಸಾಕಿದ್ದೀರಲ್ಲಪ್ಪಾ, ನನಗಿಂತ ಚೆನ್ನಾಗಿ!" ಟೈಲರ್ ಅಳುತ್ತಲೇ ನಕ್ಕುಬಿಟ್ಟ. ಮಗು ವಾಪಸು ಬರುವವರೆಗೂ ಅವನ ಮನೆಗೆ ಊಟ ಹೋದದ್ದು ನಮ್ಮ ಅಡುಗೆಮನೆಯಿಂದ. ಆಮೇಲೆ ಪ್ರತಿ ಭಾನುವಾರ ಇಡೀ ಬೀದಿ ಡ್ರಮ್ಮು, ಕುಂಡ, ಹಳೇ ಟೈರು ಬೋರಲು ಹಾಕುತ್ತಿತ್ತು. ಮುಂದೆ ಅಮ್ಮ, ಹಿಂದೆ ನಾವು. ತಪಾಸಣೆಗೆ ಎಲ್ಲರಿಗಿಂತ ಜೋರು ಮಾಡುತ್ತಿದ್ದವನು ಆ ಟೈಲರೇ.

ನಿನ್ನೆ ಸಂಸ್ಥೆಯೊಳಗೆ ಕಾಲಿಡುತ್ತಲೇ, "ನೀವೇ ಅಲ್ವಾ ಗುಂಗುರು?" ಅಂತ ಕೇಳಿದರು, ಅಮ್ಮನ ಜೊತೆ ಕೆಲಸ ಮಾಡುತ್ತಿದ್ದ ಮೇಡಂ. ಬಾಯಿ ಮುಚ್ಚದ ನನಗೆ ಅಮ್ಮ ಇಟ್ಟ ಹೆಸರು ಅಲ್ಲಿಗೂ ಮುಟ್ಟಿದೆ ನೋಡು. ಪಂಜರ ತೋರಿಸಿದರು. "ಈಗ ಕೈ ಕೊಡೋ ಹಾಗಿಲ್ಲ, ಹೊಸ ನಿಯಮ. ತೆಳು ಪೊರೆಯ ಹಿಂದೆ ಬೆಚ್ಚಗಿನ ರಕ್ತ ಇಡ್ತೀವಿ. ಮಿಕ್ಕ ಪಂಜರದವು ಕುಡಿಯುತ್ತವೆ, ಇವು ಮೂಸಿಯೂ ನೋಡಲ್ಲ. ನಿಮ್ಮಮ್ಮ ಮುದ್ದು ಮಾಡಿ ಕೆಡಿಸಿಟ್ಟಿದ್ದಾರೆ! ಇಷ್ಟು ದಿನ ಕದ್ದುಮುಚ್ಚಿ ನಾನೇ ಕೈ ಕೊಟ್ಟೆ, ಈಗ ನನಗೆ ಮೈಯೆಲ್ಲ ದದ್ದು." ಸಂಸ್ಥೆಗೆ ಆ ಪಂಜರದಿಂದ ಇನ್ನು ಕೆಲಸವಿಲ್ಲವಂತೆ. "ಫ್ರೀಜರಿನಲ್ಲಿಟ್ಟರೆ ಮುಗೀತು. ಆದ್ರೆ ನಿಮ್ಮ ಹಿತ್ತಲಿನ ಟೈರಿನಿಂದ ತಂದು ಅವರೇ ಬೆಳೆಸಿದ ವಂಶ ಇದು. ನಿಮ್ಮನ್ನ ಕೇಳದೆ ಮನಸ್ಸು ಬರಲಿಲ್ಲ."

ಒಂದೇ ಒಂದು ಸಲ ನಾನು ಕೈ ಇಡಲಾ ಅಂದೆ.

"ಅಯ್ಯೋ, ಬಾಣಂತಿ ನೀವು!"

"ರೋಗ ಇಲ್ಲ ತಾನೇ?"

ಅವರು ಬಾಗಿಲ ಕಡೆ ಒಮ್ಮೆ ನೋಡಿ ಬಟ್ಟೆ ತೋಳಿನ ಗಂಟು ಬಿಚ್ಚಿದರು.

ಮನೆಯಲ್ಲಿ ಒಂದು ಸೊಳ್ಳೆ ಗುಂಯ್ ಅಂದರೆ ಹಾಸಿಗೆಯೆಲ್ಲ ಕೊಡವಿ ರಂಪ ಮಾಡುವವಳು ನಾನು! ಅವು ಬಂದು ಕೂತವು ಅಕ್ಕಾ, ಕಾಯುತ್ತಿದ್ದವರ ಹಾಗೆ. ಅವುಗಳ ಆಯುಸ್ಸು ಎಷ್ಟು ಮಹಾ. ಅಮ್ಮನನ್ನು ಕಂಡದ್ದು ಒಂದೂ ಇರಲಿಕ್ಕಿಲ್ಲ. ಆದರೆ ಅವುಗಳ ಅಜ್ಜಿಯ ಅಜ್ಜಿಯರು ಅಮ್ಮನ ಕೈಯಲ್ಲಿ ಉಂಡವರು. ಅಷ್ಟು ನೆಂಟಸ್ತಿಕೆಯೇ ಸಾಕಾಯಿತು ನನಗೆ. ಅಷ್ಟರಲ್ಲಿ ಹೊರಗೆ ಮಗು ಅತ್ತಿತು. ಎದೆ ತಾನಾಗಿ ಒಸರಿ ಅಂಗಿಯೆಲ್ಲ ಒದ್ದೆ. ಎರಡು ಕಡೆಯೂ ಕೇಳುವವರೇ. ಮನೆ, ಬೀದಿ, ಪಂಜರ ಎಲ್ಲಕ್ಕೂ ಅಮ್ಮ ಎಲ್ಲಿಂದ ತಂದಳು ಅಷ್ಟೊಂದನ್ನು? ಸುಸ್ತಾಗಿದೆ ಅಂತ ಬಾಯಿ ಬಿಟ್ಟು ಹೇಳಿಯೇ ಮತ್ತೆ ಏಳುತ್ತಿದ್ದಳು. ಅದು ಹೇಗೆ ಅಂತ ಕೇಳೋಣವೆಂದರೆ ಅವಳೇ ಇಲ್ಲ.

"ಕೊಡವಬೇಡಿ, ಮೆಲ್ಲಗೆ ತೆಗೀರಿ" ಅಂದರು ಮೇಡಂ. ತೆಗೆದೆ. "ಫ್ರೀಜರಿಗೆ ಇಟ್ಟುಬಿಡಿ" ಅಂದೆ. ಸೊಳ್ಳೆ ಕಾಟ ತಪ್ಪಲಿ ಅಂತ ಸೊಳ್ಳೆ ಸಾಕಿದವಳ ನೆನಪಿಗೆ ಸೊಳ್ಳೆ ಸಾಕಿಕೊಂಡು ಕೂರುವುದೇ? ಅವಳಿದ್ದಿದ್ದರೆ ನನ್ನನ್ನು ಆಡಿಕೊಂಡು ನಗುತ್ತಿದ್ದಳು. ಮೇಡಂ ಕಣ್ಣೊರೆಸಿಕೊಂಡರು. ನಾನು ಹೋಗಿ ಮಗುವಿಗೆ ಹಾಲು ಕೊಟ್ಟೆ.

ನಿನ್ನೆಯೆಲ್ಲ ಕೈ ತುರಿಸುತ್ತಿತ್ತು, ಏನೋ ಹಿತ. ಇವತ್ತು ಇಳಿಯುತ್ತಾ ಬಂದಿದೆ. ಅದಕ್ಕೂ ಅಳು ಬರುತ್ತಿದೆ, ಹುಚ್ಚು ನನಗೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಇವಳು ನೂರು ವರ್ಷ ಬಾಳಲಿ ಅಂತ ಅಲ್ಲಿಂದಲೇ ಹರಸು. ಜೊತೆಗೆ ಸ್ವಲ್ಪ ಮಲಗಲಿ ಅಂತಲೂ ಸೇರಿಸು.

ನಿನ್ನ,
ಗುಂಗುರು

ತಾ.ಕ.: ಬರೆಯದೆ ಇದ್ದದ್ದಕ್ಕೆ ಮಗು ಕಾರಣವಲ್ಲ. ನಾನು ಹೆರಿಗೆಗೆ ಒಂದು ಆಸ್ಪತ್ರೆಯಲ್ಲಿ, ಅಮ್ಮ ಎದೆನೋವಿಗೆ ಇನ್ನೊಂದರಲ್ಲಿ. ಹಸಿ ಬಾಣಂತಿಗೆ ಹೇಳಬಾರದು ಅಂತ ಮುಚ್ಚಿಟ್ಟಿರಿ, ಅವಳು ಹೋದದ್ದನ್ನೂ. ಪ್ರೀತಿಗೇ ಮಾಡಿದ್ದು, ಜಗಳವಿಲ್ಲ. ಆದರೆ ಆ ದಿನಗಳಲ್ಲೆಲ್ಲ ಅಮ್ಮನ ಫೋನಿನಿಂದ ನನಗೆ ಮೆಸೇಜ್ ಬರುತ್ತಲೇ ಇತ್ತು. "ಹೊತ್ತಿಗೆ ಸರಿಯಾಗಿ ತಿನ್ನು", "ಬೇಗ ಬರ್ತೀನಿ" ಎಲ್ಲ ನೀನು ಕಳಿಸಿದ್ದು ಅಂತ ಆಮೇಲೆ ಗೊತ್ತಾಯಿತು. ಮೊದಲನೆಯದು ಮಾತ್ರ ಮಗು ಹುಟ್ಟಿದ ದಿನವೇ ಬಂದದ್ದು, ಅಮ್ಮ ಇನ್ನೂ ಇದ್ದಾಗ: "ಫೋಟೊ ನೋಡಿದೆ. ಕಿವಿ ನಿನ್ನದೇ." ಅಕ್ಕಾ, ಅದನ್ನು ಬರೆದದ್ದು ಅಮ್ಮನಾ, ನೀನಾ?