ಗುರುಲಿಂಗವ್ವನ ಓಟು

ಹಿರೇಹೊಸೂರು,
ಹುನಗುಂದ ತಾಲೂಕು
2 ಏಪ್ರಿಲ್ 1985

ಪ್ರೀತಿಯ ಸುಗರಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತವಳು ಎರಡು ಸಲ ಎದ್ದುಹೋದೆ. ಸಿಟ್ಟಾಗಬೇಡ. ಮಗಳ ಪರೀಕ್ಷೆ ಮುಗಿಯಿತೇ?

ಧಾರವಾಡದಲ್ಲಿ ರಾಜ್ಯಶಾಸ್ತ್ರ ಕಲಿಸುವವಳು ನೀನು, ಕೇಳಿದ್ದೀಯ: ಒಂದು ಕಾಲಕ್ಕೆ ಹಸು-ಕರು ಬಿಟ್ಟು ಬೇರೆ ಚಿಹ್ನೆಯನ್ನೇ ನೋಡದ ನಿಮ್ಮ ಸೀಮೆ, ಡಿಸೆಂಬರಿನಲ್ಲಿ ದಿಲ್ಲಿಗೆ ಅದೇ ಪಕ್ಷದ ಕೈಗೆ ಒತ್ತಿ, ಮಾರ್ಚಿನಲ್ಲಿ ಬೆಂಗಳೂರಿಗೆ ಎದುರು ಪಕ್ಷದ ನೇಗಿಲು ಹೊತ್ತ ರೈತನಿಗೆ ಒತ್ತಿದ್ದು ಹೇಗೆ?

ನಾನು ಮದುವೆಯಾಗಿ ಬಂದಾಗ ಮಾವ ಅಂದಾನಪ್ಪಗೌಡರು ಕಟ್ಟೆಯ ಮೇಲೆ ಕೂತು ಚಿಹ್ನೆ ಹೇಳುತ್ತಿದ್ದರು, ಊರು ಒತ್ತುತ್ತಿತ್ತು. ಈ ಸಲ ಕುರುಬರ ಓಣಿಯ ಮುದಕಪ್ಪ ಎದುರಿಗೇ ಅಂದ: "ಗೌಡ್ರ, ಹೊಲಾ ನೀವು ಹೇಳಿದಂಗ ಬಿತ್ತೇವಿ. ಚೀಟಿ ನಮ್ಮ ಮನಸಿನಂಗ."

"ಲೇ, ಮೀಸಿ ಬಂದಾವೇನು ನಿನಗ?"

"ಬಂದು ಬೆಳ್ಳಗಾಗ್ಯಾವ್ರಿ. ನೀವ ನೋಡಿಲ್ಲ."

ಬದಲಾಗದ್ದು ನಮ್ಮ ವಾಡೆ. ಗೌಡರ ಮನೆಯ ಹೆಂಗಸರು ಸಾಲಿನಲ್ಲಿ ನಿಲ್ಲುವಂತಿಲ್ಲ. ನಮ್ಮ ಓಟುಗಳನ್ನೆಲ್ಲ ಹಾಕುವವಳು ಕೊಟ್ಟಿಗೆ ಕೆಲಸದ ಹುಚ್ಚವ್ವ. ಶಾಯಿ ಹಿಡಿಯದಂತೆ ಬೆರಳಿಗೆ ಔಡಲೆಣ್ಣೆ ಸವರಿಕೊಂಡು, ನಮ್ಮ ಸೀರೆಗಳನ್ನು ಒಂದೊಂದಾಗಿ ಉಟ್ಟು, ಸೆರಗು ಮುಖದ ಮೇಲೆಳೆದು, ಅತ್ತೆಯಾಗಿ, ನೆಗೆಣ್ಣಿಯಾಗಿ, ನಾನಾಗಿ ಹೋಗಿಬರುತ್ತಾಳೆ. ಹೌದು ಇವರೇ ಎಂದು ಗುರುತು ಹೇಳಲು ಒಳಗೆ ನಮ್ಮ ಏಜೆಂಟರಿರುತ್ತಾರೆ.

ಈ ಸಲ ನಾನೇ ಹೋಗಬೇಕೆಂದುಕೊಂಡೆ. ಯಾರಿಗೆ ಒತ್ತಬೇಕೆಂದು ನಿಶ್ಚಯಿಸಿದ್ದೆನೇ? ಅದೂ ಇಲ್ಲ. ಕಾನ್ವೆಂಟಿನಲ್ಲಿ ಪೌರರ ಹಕ್ಕುಗಳನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದವಳಿಗೆ ನಲವತ್ತು ದಾಟಿದ ಮೇಲಾದರೂ ಒಮ್ಮೆ ಆ ಮುದ್ರೆ ಕೈಯಲ್ಲಿ ಹಿಡಿಯುವ ಆಸೆ, ಅಷ್ಟೇ. ಯಾರಿಗೂ ಹೇಳದೆ ಶಾಲೆಗೆ ಹೋದೆ. ಬಾಗಲಕೋಟೆಯಿಂದ ಬಂದ ಅಧಿಕಾರಿ ಯಾದಿ ನೋಡಿ, "ಗುರುಲಿಂಗವ್ವ ಅವರ ಓಟು ಆಗೇತಲ್ರಿ" ಎಂದ.

"ಗುರುಲಿಂಗವ್ವ ನಾನೇ."

ಅವನು ಏಜೆಂಟರ ಕಡೆ ತಿರುಗಿದ: "ಇವ್ರು ಯಾರ್ರಿ?"

"ಗೊತ್ತಿಲ್ರಿ. ನಮ್ಮ ಊರವ್ರಲ್ಲ" ಎಂದರು ಏಜೆಂಟರು, ತಲೆಯೆತ್ತದೆ.

ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ನಾನು ಯಾರೆಂದು ಗೊತ್ತು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.

ಮನೆಗೆ ಬಂದು ಹುಚ್ಚವ್ವನನ್ನು ಕೇಳಿದೆ, ನನ್ನ ಓಟು ಯಾರಿಗೆ ಹೋಯಿತೆಂದು. "ನಿಮ್ಮವೆಲ್ಲಾ ಕೈಗೇ ಹಾಕೇನ್ರಿ ಅಕ್ಕಾರ, ಈ ಮನಿ ಉಪ್ಪು ಉಂಡೇನಿ. ನಂದೊಂದು ರೈತಗ" ಎಂದಳು, ಸಗಣಿ ಬಾಚುತ್ತಲೇ. ಬೇಕಿದ್ದರೆ ಇದನ್ನು ನಿನ್ನ ಹುಡುಗಿಯರಿಗೆ ಪಾಠದಲ್ಲಿ ಹೇಳು: ಸೀಮೆ ಬದಲಾಗಿದೆ, ಹುಚ್ಚವ್ವನೂ ಬದಲಾಗಿದ್ದಾಳೆ. ಗುರುಲಿಂಗವ್ವ ಮಾತ್ರ ಇನ್ನೂ ಮಾವನ ಮಾತಿನಂತೆ ಒತ್ತುತ್ತಿದ್ದಾಳೆ, ತಾನು ಹೋಗದೆಯೇ.

ಇಲ್ಲಿ ಎಲ್ಲರೂ ಆರಾಮ. ನಿನ್ನ ತಾಯಿಯವರಿಗೆ ನಮಸ್ಕಾರ. ಮಗಳಿಗೆ ಆಶೀರ್ವಾದ, ಚೆನ್ನಾಗಿ ಓದಲಿ.

ನಿನ್ನ
ಗುರು

ತಾ.ಕ.: ಏಜೆಂಟರು ಯಾರೆಂದು ಬರೆಯಬಾರದೆಂದಿದ್ದೆ. ಇವರೇ, ರಾಚಪ್ಪ. ನಾನು ಹೋಗುವ ಹೊತ್ತಿಗೆ ಹುಚ್ಚವ್ವನನ್ನು ತೋರಿಸಿ "ನನ್ನ ಹೆಂಡ್ತಿರಿ" ಎಂದು ಹೇಳಿ ಆಗಿತ್ತಂತೆ. ಊಟಕ್ಕೆ ಕೂತಾಗ, "ಮತ್ತೇನ ಅನ್ನಬೇಕಿತ್ತು ನಾ? ಇಬ್ರು ಹೆಂಡ್ರು ಅದಾರ ಅನ್ನಲೇನು?" ಎಂದರು. ಮಾವ ನಕ್ಕರು, ಅತ್ತೆಯೂ ನಕ್ಕರು. ನಾನು ರೊಟ್ಟಿ ಬಡಿಸುತ್ತಿದ್ದೆ.