ಹತ್ತರಲ್ಲಿ ಒಂಬತ್ತು ಮನೆ

ಬೆಟಗೇರಿ,
ಫೆಬ್ರವರಿ 30, 2171

ಆರೋಗ್ಯದ ಭಿತ್ತಿಪತ್ರ, ಜಾಹೀರಾತು, ಮೊಬೈಲ್ ಸಂದೇಶ ಬರೆಯುವ ನಿಮ್ಮೆಲ್ಲರಿಗೆ, ನೂರೈವತ್ತು ವರ್ಷ ಆಚೆಯಿಂದ ನೀಲಗಂಗಾ ಹೊಂಬಳ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಎಲ್ಲ ತಿಂಗಳಿಗೂ ಮೂವತ್ತೇ ದಿನ ಹಂಚಿ, ಮಿಕ್ಕ ಐದನ್ನು ವರ್ಷದ ಕೊನೆಗೆ ರಜೆ ಮಾಡಿಕೊಂಡಿದ್ದೇವೆ. ನನ್ನ ಕೆಲವು ಪದಗಳೂ ವಿಚಿತ್ರ ಅನ್ನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ಮನಗಾಣಿಕೆ ಕಚೇರಿಯಲ್ಲಿ ಸಂದೇಶ ಬರೆಯುವವಳು. ಜನ ಔಷಧಿ ತೆಗೆದುಕೊಳ್ಳುವಂತೆ, ಕೈ ತೊಳೆಯುವಂತೆ, ನೀರು ಕಾಯಿಸಿ ಕುಡಿಯುವಂತೆ ಮನಸ್ಸು ಒಲಿಸುವುದು ಆ ಕಚೇರಿಯ ಕೆಲಸ. ಇವತ್ತು ಮಧ್ಯಾಹ್ನ ಅಲ್ಲಿ ನನ್ನ ವಿಚಾರಣೆ ಇದೆ. ತಪ್ಪಾಯಿತೆಂದು ಸಮಿತಿಗೆ ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಪ್ಪತ್ತಾರು ವರ್ಷದ ನೌಕರಿ ಹೋಗುತ್ತದೆ. ನಾನು ಬರೆದುಕೊಡುವುದಿಲ್ಲ.

ನಮ್ಮೂರಿನ ನೇಕಾರರು ಈಗ ಸೀರೆಗಿಂತ ಹೆಚ್ಚಾಗಿ ನೆರಳುಬಟ್ಟೆ ನೇಯುತ್ತಾರೆ. ಮಾಳಿಗೆಯಿಂದ ಮಾಳಿಗೆಗೆ ಬೀದಿಯ ಮೇಲೆ ಬಿಗಿದು ಕಟ್ಟುವ ಬಟ್ಟೆ ಅದು. ಅದಿಲ್ಲದಿದ್ದರೆ ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಹನ್ನೊಂದಕ್ಕೆ ಮಗ್ಗ ನಿಲ್ಲುತ್ತದೆ. ಆಮೇಲೆ ಓಣಿಯ ಹೆಂಗಸರೆಲ್ಲ ನೆಲದಡಿಯ ತಂಪು ಕೋಣೆಯಲ್ಲಿ ಸೇರಿ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾರೆ. ಎಲ್ಲರ ಮಣಿಕಟ್ಟಿಗೂ ಒಂದು ಪಟ್ಟಿ ಇರುತ್ತದೆ. ಕಚೇರಿಯ ಸಂದೇಶ ಬರುವುದು ಅದರಲ್ಲೇ. ಅದು ನಾಡಿಯನ್ನೂ ಓದುತ್ತದೆ. ಹಾಗಾಗಿ ಅಂಜುಬುರುಕರಿಗೆ ಒಂದು ಸಂದೇಶ, ಹೊಗಳಿಕೆಗೆ ಉಬ್ಬುವವರಿಗೆ ಇನ್ನೊಂದು. ನಮ್ಮ ಮನೆಯವರಿಗೆ ಸದಾ ಹೊಗಳಿಕೆಯದೇ ಬರುತ್ತದೆ, ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುತ್ತಾರೆ.

ಏಪ್ರಿಲ್ ಮುಗಿಯುವಾಗ ಬಿಸಿಗಾಳಿಯ ಜೊತೆಗೆ ಧೂಳುಜ್ವರ ಬರುತ್ತದೆ. ಅದು ಹಿಡಿಯುವುದು ಚಿಕ್ಕ ಮಕ್ಕಳನ್ನು. ಗಾಳಿ ಏಳುವ ಮುಂಚೆ ನಾಲಿಗೆಯ ಕೆಳಗೆ ನಾಲ್ಕು ಹನಿ ಔಷಧಿ ಬಿಟ್ಟರೆ ಮಗು ಬಹುಮಟ್ಟಿಗೆ ಪಾರಾಗುತ್ತದೆ. ನೆರೆಹೊರೆಯವರು ಮಾಡಿದ್ದನ್ನು ಮನುಷ್ಯ ತಾನೂ ಮಾಡುತ್ತಾನೆ ಎಂಬುದು ನಿಮ್ಮ ಕಾಲದವರಿಗೂ ಗೊತ್ತಿತ್ತು, ಅದು ನಿಜವೂ ಹೌದು. ಆ ವಿದ್ಯೆಯನ್ನು ನಂಬಿಕೊಂಡೇ ಕಳೆದ ವರ್ಷ ನಾನು ನೇಕಾರ ಓಣಿಗೆ ಬರೆದೆ: ನಿಮ್ಮ ಓಣಿಯ ಹತ್ತರಲ್ಲಿ ಒಂಬತ್ತು ಮನೆಗಳು ಹನಿ ಹಾಕಿಸಿವೆ. ನಿಜವಾಗಿ ಹಾಕಿಸಿದ್ದು ನೂರ ನಲವತ್ತರಲ್ಲಿ ಹತ್ತೊಂಬತ್ತು ಮನೆ. ಎಲ್ಲರೂ ನಂಬಿ ಹಾಕಿಸಿದರೆ ಸುಳ್ಳು ತಾನಾಗಿಯೇ ನಿಜವಾಗುತ್ತದೆ ಎಂಬುದು ಕಚೇರಿಯ ಲೆಕ್ಕಾಚಾರ. ಪಕ್ಕದ ಮನೆಯವರ ಮುಖವೇ ನೋಡದ ದೊಡ್ಡ ಊರುಗಳಲ್ಲಿ ಅದು ಫಲಿಸಿತ್ತು. ಇಡೀ ಓಣಿ ಒಂದೇ ಕೋಣೆಯಲ್ಲಿ ಕೂತು ಕಂಡಿಕೆ ಸುತ್ತುತ್ತದೆ ಎಂಬುದನ್ನು ನಾನು ಮರೆತಿದ್ದೆ.

ನಾನು ಆ ಕೋಣೆಗೆ ಹೋದಾಗ ಫಕೀರವ್ವ ಎಂಬ ಅಜ್ಜಿ ಕೈಕೆಲಸ ನಿಲ್ಲಿಸದೆ ಕೇಳಿದಳು: "ಹತ್ತರಾಗ ಒಂಬತ್ತು ಅಂತೀರಲ್ಲ, ಯಾರ್ಯಾರ ಮನಿ ಅಂತ ಹೆಸರು ಹೇಳ್ರಿ ನೋಡೂಣು. ಎಣಿಕಿ ಸುಳ್ಳಾದ್ರ ಹನಿನೂ ಸುಳ್ಳ ಇರಬೇಕಲ್ಲ?"

ನನಗೆ ನಾಚಿಕೆಯಾಯಿತು. ಎಂಟು ದಿನದ ಮೇಲೆ, ಯಾರ ಅಪ್ಪಣೆಯನ್ನೂ ಕೇಳದೆ, ನಿಜವಾದ ಅಂಕಿಯನ್ನು ಕಳಿಸಿದೆ. ಹನಿ ಹಾಕಿದ ರಾತ್ರಿ ಮಕ್ಕಳಿಗೆ ಮೈ ಬೆಚ್ಚಗಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಹನಿ ಹಾಕುವ ದಾದಿಯನ್ನು ದವಾಖಾನೆಯಿಂದ ಕರೆತಂದು, ಮಗ್ಗ ನಿಲ್ಲುವ ಹೊತ್ತಿಗೆ ಕಂಡಿಕೆಯ ಕೋಣೆಯಲ್ಲೇ ಕೂರಿಸಿದೆ. ಮೊದಲ ದಿನ ಹತ್ತೊಂಬತ್ತು, ಮರುದಿನ ಇಪ್ಪತ್ತಾರು, ಅದರ ಮರುದಿನ ನಲವತ್ತು ಎಂದು ದಿನವೂ ತಿಳಿಸಿದೆ. ಇದೂ ಮನಸ್ಸನ್ನು ಅರಿತು ಮಾಡುವ ಕೆಲಸವೇ, ಆದರೆ ಇದರಲ್ಲಿ ಯಾರ ಕಣ್ಣಿಗೂ ಮಣ್ಣೆರಚಬೇಕಾಗಿಲ್ಲ. ಬಿಸಿಗಾಳಿ ಏಳುವ ಹೊತ್ತಿಗೆ ನೂರ ಹದಿನೆಂಟು ಮನೆಯಾಗಿತ್ತು.

ಉಳಿದ ಇಪ್ಪತ್ತೆರಡರಲ್ಲಿ ಒಂದು ಕಸ್ತೂರೆವ್ವನ ಮನೆ. ಅವಳ ಎರಡು ವರ್ಷದ ಮಗಳು ಮಂದಾರ ಜ್ವರದಲ್ಲಿ ತೀರಿಕೊಂಡಳು. ಹತ್ತರಲ್ಲಿ ಒಂಬತ್ತು ಎಂದೇ ಹೇಳುತ್ತಿದ್ದರೆ ಆ ತಾಯಿಯೂ ಬರುತ್ತಿದ್ದಳು, ನಿನ್ನ ಪ್ರಾಮಾಣಿಕತೆಗೆ ಒಂದು ಜೀವ ಹೋಯಿತು ಎಂದು ಕಚೇರಿ ನನ್ನ ಮೇಲೆ ಆರೋಪ ಹೊರಿಸಿದೆ, ಇವತ್ತಿನ ವಿಚಾರಣೆ ಅದಕ್ಕೇ. ಎಷ್ಟೋ ದಿನ ನಾನೂ ಅದನ್ನು ನಂಬಿ ಅನ್ನ ಬಿಟ್ಟು ಅತ್ತೆ. ಕೊನೆಗೆ ತಡೆಯಲಾರದೆ ಕಸ್ತೂರೆವ್ವನನ್ನೇ ಕೇಳಲು ಹೋದೆ. ಅವಳು ಬೈಯಲಿಲ್ಲ. ಕುಡಿಯಲು ನೀರು ಕೊಟ್ಟು, ಮೆಲ್ಲಗೆ ಹೇಳಿದಳು: "ಮದಲ ಹತ್ತರಾಗ ಒಂಬತ್ತು ಅಂದ್ರಿ. ಎಂಟು ದಿನಕ್ಕ ಬರೇ ಹತ್ತೊಂಬತ್ತು ಮನಿ ಅಂದ್ರಿ. ನಾ ಯಾವ್ದು ನಂಬಬೇಕಿತ್ತಕ್ಕಾ?"

ನಿಜವಾದ ಅಂಕಿ ಕಳಿಸಿದ್ದೆ, ಮೊದಲಿನದು ಸುಳ್ಳೆಂದು ಮಾತ್ರ ಹೇಳಿರಲಿಲ್ಲ. ಕಚೇರಿಯ ಮಾನ ಉಳಿಯಲಿ, ನನ್ನದೂ ಉಳಿಯಲಿ ಎಂದು ಸುಮ್ಮನಿದ್ದೆ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ವಿದ್ಯೆಯನ್ನು ಬಿಡಿ ಎನ್ನುವುದಿಲ್ಲ, ಅದು ಜೀವ ಉಳಿಸುತ್ತದೆ. ಆದರೆ ಇದ್ದ ಅಂಕಿಯನ್ನು ಇದ್ದಂತೆ ಹೇಳಿ, ಅದು ಎಷ್ಟೇ ಚಿಕ್ಕದಿರಲಿ. ಜನರನ್ನು ಒಮ್ಮೆ ಯಾಮಾರಿಸಿದರೆ ಮುಂದಿನ ಸಲ ನಿಮ್ಮ ನಿಜವನ್ನೂ ಅವರು ನಂಬುವುದಿಲ್ಲ, ಆಗ ಸಾಯುವುದು ನೀವಲ್ಲ.

ಇನ್ನೊಂದು ಗಂಟೆಗೆ ನಾನು ಸಮಿತಿಯ ಮುಂದೆ ನಿಲ್ಲುತ್ತೇನೆ. ಕೆಲಸ ಅವರ ಕೈಯಲ್ಲಿದೆ, ಬೇಕಾದರೆ ಕಿತ್ತುಕೊಳ್ಳಲಿ. ಕ್ಷಮಾಪಣೆಯನ್ನು ಬರೆದಾಗಿದೆ, ಅದು ಅವರಿಗಲ್ಲ. ನನ್ನ ಬಳಿ ಅಧಿಕಾರ ಇರುವಾಗಲೇ, ಈಗ ತಾನೇ, ಓಣಿಯ ಎಲ್ಲ ಮಣಿಕಟ್ಟಿಗೂ ಕಳಿಸಿದೆ:

"ಹತ್ತರಲ್ಲಿ ಒಂಬತ್ತು ಎಂದು ಬರೆದವಳು ನಾನು, ನೀಲಗಂಗಾ. ಅದು ಸುಳ್ಳು. ಸುಳ್ಳೆಂದು ಹೇಳದೆ ಮುಚ್ಚಿಟ್ಟವಳೂ ನಾನೇ. ಕಸ್ತೂರೆವ್ವ, ನನ್ನಿಂದ ತಪ್ಪಾಯಿತು. ಈ ವರ್ಷದ ಹನಿ ಇವತ್ತು ಬಂದಿದೆ. ಇಲ್ಲಿಯವರೆಗೆ ಹಾಕಿಸಿದ ಮನೆ ಒಂದೂ ಇಲ್ಲ."